ಸ್ಪ್ರೇ ಮಾಡಿಸಿದರೂ ತಿಗಣೆ ಹೋಗ್ತಿಲ್ವಾ? ಎಡವಿದ್ದು ಎಲ್ಲಿ ಅಂತ ಹುಡುಕುವ ಬಗೆ

ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಸಲ ದುಡ್ಡು ಕೊಟ್ಟು ತಿಗಣೆಗೆ ಔಷಧಿ ಹೊಡೆಸಿದ್ದೆವು. ಎರಡನೇ ಸಲ ಹೊಡೆಸಿ ಮೂರು ವಾರ ಆಗಿತ್ತು. ಒಂದು ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಕತ್ತಿನ ಹಿಂದೆ ಸಾಲಾಗಿ ಮೂರು ಕೆಂಪು ಗಂಟು ಕಂಡವು. ಅವಳು ಶಾಲೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ತಿಗಣೆ ಕಾಟ ಅನುಭವಿಸಿದವರಿಗೆ ಇದು ಅರ್ಥ ಆಗುತ್ತದೆ. ನಿದ್ದೆ ಇಲ್ಲ, ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ.

ಆ ದಿನ ಔಷಧಿ ಹೊಡೆಯುವವರಿಗೆ ಮೂರನೇ ಸಲ ಫೋನ್ ಮಾಡಲಿಲ್ಲ. ಒಂದು ಟಾರ್ಚು, ಒಂದು ನೋಟ್‌ಬುಕ್ ಹಿಡಿದು ಕೂತೆ. ಮನೆಯಲ್ಲಿ ಯಾರು ಎಲ್ಲೆಲ್ಲಿ ಮಲಗುತ್ತಾರೆ ಅಂತ ಬರೆದೆ. ಹತ್ತು ದಿನದಲ್ಲಿ ಮೂಲ ಸಿಕ್ಕಿತು. ಅದು ನಾವು ಔಷಧಿ ಹೊಡೆಸಿದ ಕೋಣೆಯಲ್ಲಿ ಇರಲೇ ಇಲ್ಲ. ನಾನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಔಷಧಿ ಯಾವುದು ಅನ್ನೋದಕ್ಕಿಂತ, ಅದು ಬೀಳಬೇಕಾದ ಜಾಗ ಯಾವುದು ಅಂತ ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಹೊಡೆಸಿದ್ದಕ್ಕೇ ನಮ್ಮ ದುಡ್ಡು ಎರಡು ಸಲ ನೀರಿಗೆ ಹೋಯಿತು.

ಮೊದಲು ನೋಡಬೇಕಾದ್ದು: ಅದು ತಿಗಣೆಯೇ ಹೌದಾ?

ಕಚ್ಚಿದ ಗುರುತು ನೋಡಿ ತಿಗಣೆ ಅಂತ ತೀರ್ಮಾನ ಮಾಡಬೇಡಿ. ಚರ್ಮದ ಡಾಕ್ಟರಿಗೂ ಬರೀ ಗಂಟು ನೋಡಿ ಖಚಿತವಾಗಿ ಹೇಳುವುದು ಕಷ್ಟ. ಸೊಳ್ಳೆ ಕಚ್ಚಿದರೆ ಸಾಮಾನ್ಯವಾಗಿ ಆಗಲೇ ತುರಿಕೆ ಶುರುವಾಗುತ್ತದೆ. ತಿಗಣೆ ಕಚ್ಚಿದ್ದು ಒಂದೆರಡು ದಿನ ಬಿಟ್ಟು, ಕೆಲವರಿಗೆ ಇನ್ನೂ ತಡವಾಗಿ ಏಳಬಹುದು. ಹೊದಿಕೆಯಿಂದ ಹೊರಗಿರುವ ಕೈ, ಕತ್ತು, ಮುಖದ ಮೇಲೆ ಸಾಲಾಗಿ ಅಥವಾ ಗುಂಪಾಗಿ ಎದ್ದರೆ ಅನುಮಾನ ಪಡಬಹುದು, ಅಷ್ಟೇ. ಮೊಣಕಾಲಿನ ಕೆಳಗೆ ಮಾತ್ರ ಕಚ್ಚುತ್ತಿದ್ದು, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚಿಗಟ ಇರಬಹುದು. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ವಿಪರೀತ ತುರಿಕೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹರಡುತ್ತಿದೆ ಅಂದರೆ ಕಜ್ಜಿ ಇರಬಹುದು. ಅದಕ್ಕೆ ಡಾಕ್ಟರ ಹತ್ತಿರವೇ ಹೋಗಬೇಕು, ಮನೆಗೆ ಔಷಧಿ ಹೊಡೆಸಿ ಉಪಯೋಗ ಇಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಗೊಂದಲ ಇದೆ. ಎಸಿ ಪೆಟ್ಟಿಗೆಯ ಹಿಂದೆಯೋ ಬಾತ್‌ರೂಮ್ ಕಿಟಕಿಯ ಡಕ್ಟ್‌ನಲ್ಲೋ ಪಾರಿವಾಳ ಗೂಡು ಕಟ್ಟಿರುತ್ತದೆ. ಮರಿಗಳು ಗೂಡು ಬಿಟ್ಟು ಹಾರಿಹೋದ ಮೇಲೆ ಅಲ್ಲಿರುವ ಸಣ್ಣ ಉಣ್ಣೆ ಜಾತಿಯ ಹುಳಗಳು ಆಹಾರ ಇಲ್ಲದೆ ಮನೆಯೊಳಗೆ ಬರುತ್ತವೆ. ಅವೂ ಕಚ್ಚುತ್ತವೆ. ಆದರೆ ಅವು ಸೂಜಿಯ ಮೊನೆಯಷ್ಟು ಸಣ್ಣವು, ಕಣ್ಣಿಗೆ ಸರಿಯಾಗಿ ಕಾಣಿಸುವುದಿಲ್ಲ. ಗೂಡು ತೆಗೆಸಿ ಜಾಗ ತೊಳೆಸಿದರೆ ಅವು ಕಡಿಮೆ ಆಗುತ್ತವೆ. ಹಾಸಿಗೆ ಬಿಚ್ಚುವ ಮೊದಲು ಕಿಟಕಿಯಿಂದ ಹೊರಗೆ ಒಮ್ಮೆ ನೋಡಿ.

ತಿಗಣೆ ಕಣ್ಣಿಗೆ ಕಾಣುತ್ತದೆ. ದೊಡ್ಡದು 5ರಿಂದ 7 ಮಿಲಿಮೀಟರ್, ಹೆಚ್ಚುಕಡಿಮೆ ಸೇಬಿನ ಬೀಜದಷ್ಟು. ಕಂದು ಕೆಂಪು, ಚಪ್ಪಟೆ ಮೈ. ರಕ್ತ ಕುಡಿದ ಮೇಲೆ ಉಬ್ಬಿ ಉದ್ದ ಆಗುತ್ತದೆ. ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಮರಿಯದ್ದು ಒಣಹುಲ್ಲಿನ ಬಣ್ಣ, ಬಿಳಿ ಹಾಸಿನ ಮೇಲೆ ಸುಲಭಕ್ಕೆ ಕಾಣಿಸುವುದಿಲ್ಲ. ಮೊಟ್ಟೆ ಗಸಗಸೆ ಕಾಳಿನಷ್ಟು, ಬೆಳ್ಳಗೆ, ಸಂದಿನಲ್ಲಿ ಅಂಟಿಕೊಂಡಿರುತ್ತದೆ. ಜಿರಳೆ ಮರಿಯನ್ನು ನೋಡಿ ತಿಗಣೆ ಅಂತ ಹೆದರಿದವರನ್ನು ಕಂಡಿದ್ದೇನೆ. ಜಿರಳೆ ಮರಿಗೆ ಉದ್ದ ಮೀಸೆ ಇರುತ್ತದೆ, ಓಟವೂ ಜೋರು.

ಹುಳ ಸಿಗದಿದ್ದರೆ ಕಪ್ಪು ಚುಕ್ಕಿ ಹುಡುಕಿ. ಪೆನ್ನಿನ ಮೊನೆ ಊರಿದ ಹಾಗೆ ಇರುತ್ತದೆ. ಅದು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಹತ್ತಿಯಿಂದ ಒರೆಸಿದರೆ ಕಂದು ಕೆಂಪಾಗಿ ಹರಡುತ್ತದೆ. ಬರೀ ಧೂಳಾದರೆ ಹಾಗೆ ಹರಡುವುದಿಲ್ಲ. ಜೊತೆಗೆ ಮರಿಗಳು ಬಿಟ್ಟ ತೆಳು ಪೊರೆ ಸಿಗುತ್ತದೆ. ಮರಿ ದೊಡ್ಡದಾಗುವ ತನಕ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಮೊದಲು ರಕ್ತ ಕುಡಿಯಲೇಬೇಕು. ಒಂದು ಎಚ್ಚರಿಕೆ: ಚುಕ್ಕಿ, ಪೊರೆ ಹಳೆಯದೂ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಮಂಚದಲ್ಲಿ ಹಿಂದಿನ ಮನೆಯವರ ಕಾಲದ್ದೇ ಉಳಿದಿರುತ್ತದೆ. ಈಗ ಇದೆ ಅನ್ನೋದಕ್ಕೆ ಜೀವಂತ ಹುಳವೇ ಸಾಕ್ಷಿ.

ಕೋಣೆ ಲೆಕ್ಕ ಬೇಡ, ಮಲಗುವ ಜಾಗದ ಲೆಕ್ಕ ಹಾಕಿ

ನಾವು ಎಡವಿದ್ದು ಇಲ್ಲೇ. ಕಚ್ಚಿದ ಗುರುತು ಕಂಡದ್ದು ನನಗೆ ಮತ್ತು ಮಗಳಿಗೆ. ಇಬ್ಬರೂ ಮಲಗುವುದು ಬೆಡ್‌ರೂಮಿನಲ್ಲಿ. ಹಾಗಾಗಿ ಬೆಡ್‌ರೂಮಿಗೆ ಮಾತ್ರ ಔಷಧಿ ಹೊಡೆಸಿದೆವು. ಹಾಲ್‌ನಲ್ಲಿ ಅಪ್ಪನ ದಿವಾನ್ ಇದೆ. ಅವರಿಗೆ ಮಂಡಿ ನೋವು. ಎತ್ತರ ಕಡಿಮೆ ಇರಲಿ ಅಂತ ಹಳೆಯದೊಂದನ್ನು ಕೊಂಡಿದ್ದೆವು. ಅಪ್ಪನನ್ನು ಕೇಳಿದಾಗಲೆಲ್ಲ, "ನನಗೇನೂ ಕಚ್ಚಿಲ್ಲ ಕಣಮ್ಮ" ಅನ್ನುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ತಿಗಣೆ ಕಚ್ಚಿದರೂ ಚರ್ಮದ ಮೇಲೆ ಏನೂ ಏಳದ ಜನ ಬಹಳ ಇದ್ದಾರೆ, ವಯಸ್ಸಾದವರಲ್ಲಿ ಇದು ಇನ್ನೂ ಜಾಸ್ತಿ. ತಿಗಣೆ ಕಚ್ಚುವಾಗ ನೋವೇ ಗೊತ್ತಾಗುವುದಿಲ್ಲ. 5ರಿಂದ 10 ನಿಮಿಷ ರಕ್ತ ಕುಡಿದು ವಾಪಸ್ ಸಂದಿಗೆ ಹೋಗುತ್ತದೆ. ತುರಿಕೆ ಬರುವುದು ಅದರ ಜೊಲ್ಲಿಗೆ ನಮ್ಮ ಮೈ ಕೊಡುವ ಉತ್ತರ. ಆ ಉತ್ತರ ಎಲ್ಲರ ಮೈಯಲ್ಲೂ ಒಂದೇ ಥರ ಇರುವುದಿಲ್ಲ.

ನೋಟ್‌ಬುಕ್‌ನಲ್ಲಿ ಬರೆದಾಗ ಕಂಡಿದ್ದು ಇದು. ಅಪ್ಪ ರಾತ್ರಿ ದಿವಾನ್ ಮೇಲೆ ಮಲಗುತ್ತಾರೆ, ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಅಲ್ಲೇ ಒರಗುತ್ತಾರೆ. ಮಗಳು ಶಾಲೆಯಿಂದ ಬಂದವಳು ತನ್ನ ರಗ್ಗು ಹೊದ್ದು ತಾತನ ಪಕ್ಕ ಟಿವಿ ನೋಡುತ್ತಾಳೆ. ರಾತ್ರಿ ಅದೇ ರಗ್ಗು ಬೆಡ್‌ರೂಮಿಗೆ ಬರುತ್ತದೆ. ನಾವು ಒಳಗಿನ ತಿಗಣೆ ಸಾಯಿಸಿದ ಹಾಗೆಲ್ಲ ಹೊರಗಿನಿಂದ ರಗ್ಗಿನ ಜೊತೆ ಹೊಸದು ಬರುತ್ತಿತ್ತು.

ದಿವಾನ್ ತಲೆಕೆಳಗು ಮಾಡಿದೆವು. ಕೆಳಗೆ ಹೊಡೆದಿದ್ದ ಕಪ್ಪು ಬಟ್ಟೆಯ ಒಂದು ಮೂಲೆ ಬಿಚ್ಚಿದಾಗ ಕಂಡದ್ದನ್ನು ಮರೆಯಲು ಆಗುವುದಿಲ್ಲ. ಪ್ಲೈವುಡ್ ಮತ್ತು ಚೌಕಟ್ಟಿನ ನಡುವೆ ಸಾಲು ಸಾಲಾಗಿ ಇದ್ದವು. ಅಪ್ಪ ಏನೂ ಮಾತಾಡಲಿಲ್ಲ. ಎರಡು ದಿನ ಪ್ಲಾಸ್ಟಿಕ್ ಕುರ್ಚಿ ಮೇಲೆಯೇ ಕೂತರು, ತಮ್ಮಿಂದ ಮೊಮ್ಮಗಳಿಗೆ ಹೀಗಾಯಿತು ಅಂತ. ಇದು ಯಾರ ತಪ್ಪೂ ಅಲ್ಲ, ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ತಿಗಣೆಗೆ ಬೇಕಾದ್ದು ಮನುಷ್ಯನ ಮೈಶಾಖ, ಉಸಿರು, ಅಡಗಲು ಒಂದು ಸಂದು. ಮನೆ ಎಷ್ಟು ಚೊಕ್ಕ ಇದ್ದರೂ ಅಷ್ಟು ಸಿಕ್ಕೇ ಸಿಗುತ್ತದೆ.

ಹುಡುಕುವ ಕ್ರಮ ಹೀಗೆ. ಹಗಲು ಹೊತ್ತಲ್ಲಿ ಟಾರ್ಚ್ ಹಿಡಿದು, ಹಳೇ ಎಟಿಎಂ ಕಾರ್ಡ್ ಒಂದನ್ನು ಸಂದಿಯಲ್ಲಿ ಎಳೆಯುತ್ತಾ ಹೋಗಿ. ಮ್ಯಾಟ್ರೆಸ್‌ನ ಅಂಚಿನ ಹೊಲಿಗೆ, ಮೂಲೆ, ಕಂಪನಿ ಚೀಟಿ ಹೊಲಿದ ಜಾಗ. ಆಮೇಲೆ ಮಂಚ: ಸ್ಕ್ರೂ ತೂತು, ಕೀಲುಗಳು, ಹಲಗೆಯ ಅಡಿಭಾಗ, ಗೋಡೆಗೆ ತಾಗುವ ತಲೆಯ ಹಲಗೆ. ತಿಗಣೆಗಳಲ್ಲಿ ಹೆಚ್ಚಿನವು ಮಲಗುವವರಿಂದ ಒಂದೆರಡು ಮೀಟರ್ ಒಳಗೇ ಇರುತ್ತವೆ. ಜಾಸ್ತಿ ಆದಾಗ ದೂರ ಹೋಗುತ್ತವೆ: ಸ್ವಿಚ್ ಬೋರ್ಡ್ ಅಂಚು, ಸ್ಕರ್ಟಿಂಗ್ ಬಿರುಕು, ಪರದೆಯ ಮಡಿಕೆ, ಕ್ಯಾಲೆಂಡರ್ ಮತ್ತು ದೇವರ ಫೋಟೋದ ಹಿಂಭಾಗ. ನಮ್ಮಲ್ಲಿ ಈಗ ಒಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚಗಳೇ ಜಾಸ್ತಿ, ಅಲ್ವಾ? ಅದರೊಳಗಿನ ಹಳೇ ಸೀರೆ, ಕೌದಿ, ಸೂಟ್‌ಕೇಸ್ ಎಲ್ಲವನ್ನೂ ಹೊರಗೆ ತೆಗೆದೇ ನೋಡಬೇಕು. ಸ್ವಿಚ್ ಬೋರ್ಡ್ ಬಿಚ್ಚುವುದಾದರೆ ಮೇನ್ ಆಫ್ ಮಾಡಿ.

ಕಣ್ಣಿಗೆ ಸಿಗದಿದ್ದರೆ ಬಟ್ಟಲು ಇಡಿ. ಮಂಚವನ್ನು ಗೋಡೆಯಿಂದ ಅರ್ಧ ಅಡಿ ಎಳೆದು, ಹೊದಿಕೆ ನೆಲಕ್ಕೆ ತಾಗದ ಹಾಗೆ ಸಿಕ್ಕಿಸಿ, ನಾಲ್ಕೂ ಕಾಲಿನ ಕೆಳಗೆ ನುಣುಪಾದ ಪ್ಲಾಸ್ಟಿಕ್ ಬಟ್ಟಲು ಇಡಿ. ಹತ್ತಲು ಬಂದದ್ದು, ಇಳಿದದ್ದು ಅದರಲ್ಲಿ ಸಿಕ್ಕಿಕೊಳ್ಳಬೇಕು. ಒಂದು ತೊಂದರೆ ಇದೆ. ಬಿಸಿ ಹವೆಯ ನಾಡುಗಳಲ್ಲಿ ಜಾಸ್ತಿ ಇರುವ ಸೈಮೆಕ್ಸ್ ಹೆಮಿಪ್ಟೆರಸ್ ಅನ್ನುವ ಜಾತಿಯ ಕಾಲಿಗೆ ಹಿಡಿತ ಗಟ್ಟಿ. ಬರೀ ಪ್ಲಾಸ್ಟಿಕ್ ಗೋಡೆಯನ್ನು ಅದು ಹತ್ತಿ ಹೋಗುತ್ತದೆ. ಬಟ್ಟಲಿನ ಒಳಮೈಗೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿದರೆ ಜಾರುತ್ತದೆ. ನಾನು ದಿವಾನ್‌ಗೂ ಬೆಡ್‌ರೂಮ್ ಮಂಚಕ್ಕೂ ಇಟ್ಟೆ. ಐದು ರಾತ್ರಿಯಲ್ಲಿ ಮಂಚದ ಬಟ್ಟಲಲ್ಲಿ ಎರಡು, ದಿವಾನ್ ಬಟ್ಟಲಲ್ಲಿ ಹನ್ನೊಂದು. ದಿವಾನ್ ತಲೆಕೆಳಗು ಮಾಡಿದ್ದು ಆಮೇಲೆಯೇ.

ಔಷಧಿ ಬಿದ್ದ ಮೇಲೂ ಕಚ್ಚುತ್ತಿದ್ದರೆ

ಮೊದಲ ಅನುಮಾನ ಮೊಟ್ಟೆ ಮೇಲೆ ಇರಲಿ. ಸಾಮಾನ್ಯವಾಗಿ ಹೊಡೆಯುವ ಹೆಚ್ಚಿನ ಔಷಧಿಗಳು ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ನಮ್ಮ ಹವೆಯಲ್ಲಿ ಮೊಟ್ಟೆ 6ರಿಂದ 10 ದಿನದಲ್ಲಿ ಒಡೆಯುತ್ತದೆ. ಹಾಗಾಗಿ ಎರಡನೇ ಸುತ್ತು 10ರಿಂದ 14 ದಿನದ ಒಳಗೆ ಆಗಲೇಬೇಕು. ನಮ್ಮ ಮನೆಗೆ ಮೊದಲು ಬಂದವರು "ಒಂದೇ ಸಲಕ್ಕೆ ಸಾಕು" ಅಂದರು. ಎರಡನೇ ಸಲ ಹೊಡೆಸಿದ್ದು ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಹೊಸ ಮರಿಗಳು ದೊಡ್ಡವಾಗಿ ಅವೂ ಮೊಟ್ಟೆ ಇಟ್ಟಾಗಿತ್ತು. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಎರಡನೇ ಸುತ್ತಿನ ತಾರೀಕು ಮೊದಲೇ ಬರೆಸಿಕೊಂಡು ದುಡ್ಡು ಮಾತಾಡಿ.

ಎರಡನೆಯದು ನೆಲ ಒರೆಸುವುದು. ಇದು ನಮ್ಮ ಮನೆಗಳಲ್ಲೇ ಆಗುವ ತಪ್ಪು. ಔಷಧಿ ಹೊಡೆದ ಮರುದಿನ ಬೆಳಿಗ್ಗೆ ಅಮ್ಮ ಎಂದಿನ ಹಾಗೆ ಫಿನಾಯಿಲ್ ಹಾಕಿ ಮೂಲೆ ಮೂಲೆ ಒರೆಸಿದರು. ವಾಸನೆ ಬಂದರೆ ಒರೆಸದೆ ಇರಲು ಅವರ ಕೈ ಕೇಳುವುದಿಲ್ಲ. ಸಂದಿಯಲ್ಲಿ ಅಂಟಿ ಉಳಿದ ಔಷಧಿಯೇ ಆಮೇಲೆ ಓಡಾಡುವ ಹುಳವನ್ನು ಕೊಲ್ಲಬೇಕು. ಅದನ್ನು ಒರೆಸಿದರೆ ಕೆಲಸ ಅಲ್ಲಿಗೆ ನಿಂತಿತು. ಓಡಾಡುವ ನಡುಭಾಗ ಒರೆಸಿ. ಗೋಡೆ ಅಂಚು, ಮಂಚದ ಕೀಲು ಎರಡು ವಾರ ಹಾಗೇ ಬಿಡಿ.

ಮೂರನೆಯದು ಔಷಧಿಗೆ ಒಗ್ಗಿಹೋದ ತಿಗಣೆ. ಡಿಡಿಟಿ ಬಂದಾಗ ತಿಗಣೆ ಕಾಟ ಮುಗಿಯಿತು ಅಂತಲೇ ಜನ ಅಂದುಕೊಂಡಿದ್ದರು. 1950ರ ದಶಕದ ಹೊತ್ತಿಗೆ ಅದಕ್ಕೆ ಜಗ್ಗದ ತಿಗಣೆಗಳು ಹಲವು ದೇಶಗಳಲ್ಲಿ ಕಂಡಿದ್ದವು. ಈಗ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಥರದ ಔಷಧಿಗಳ ಕಥೆಯೂ ಅದೇ. ಇವೆಲ್ಲ ಪೈರೆಥ್ರಾಯ್ಡ್ ಅನ್ನುವ ಒಂದೇ ಗುಂಪಿನವು. ಅಂಗಡಿಯಲ್ಲಿ ಸಿಗುವ ಸೊಳ್ಳೆ, ಜಿರಳೆ ಸ್ಪ್ರೇ ಕೂಡ ಹೆಚ್ಚಾಗಿ ಇದೇ ಗುಂಪು. ಔಷಧಿ ನೇರವಾಗಿ ಮೈಮೇಲೆ ಬಿದ್ದರೂ ಮರುದಿನ ಓಡಾಡುತ್ತಿದ್ದರೆ, ಮತ್ತೆ ಅದನ್ನೇ ಜಾಸ್ತಿ ಹೊಡೆಯಬೇಡಿ. ಬೇರೆ ಗುಂಪಿನದು ಕೊಡಿ ಅಂತ ಕೇಳಿ. ಔಷಧಿಯ ಹೆಸರು ಕೇಳುವುದು ನಿಮ್ಮ ಹಕ್ಕು. 1968ರ ಕೀಟನಾಶಕ ಕಾಯ್ದೆ ಪ್ರಕಾರ ಈ ಕೆಲಸಕ್ಕೆ ಲೈಸೆನ್ಸ್ ಬೇಕು, ಅದನ್ನೂ ತೋರಿಸಲು ಹೇಳಿ. ಮನೆಯಲ್ಲಿ ಮಗು, ಬಸುರಿ, ಉಬ್ಬಸ ಇರುವವರು ಇದ್ದರೆ ಮೊದಲೇ ತಿಳಿಸಿ. ಎಷ್ಟು ಗಂಟೆ ಹೊರಗಿರಬೇಕು ಅಂತ ಕೇಳಿ.

ಇನ್ನೊಂದು, ಜಾಗ ಬದಲಾಯಿಸುವುದು. ಬೆಡ್‌ರೂಮಿನಲ್ಲಿ ಕಚ್ಚುತ್ತದೆ ಅಂತ ಹಾಲ್‌ಗೆ ಚಾಪೆ ಹಾಸುತ್ತೇವೆ. ತಿಗಣೆ ಅಲ್ಲಿಗೂ ಬರುತ್ತದೆ, ಇಲ್ಲಾ ನಾವೇ ಹೊದಿಕೆಯಲ್ಲಿ ತಗೊಂಡು ಹೋಗುತ್ತೇವೆ. ರಕ್ತ ಇಲ್ಲದೆ ಅದು ತಿಂಗಳುಗಟ್ಟಲೆ ಬದುಕಬಲ್ಲದು, ಕೋಣೆ ಬೀಗ ಹಾಕಿ ಸಾಯಿಸಲು ಆಗುವುದಿಲ್ಲ. ಔಷಧಿ ಒಣಗಿ ಗಾಳಿ ಆಡಿದ ಮೇಲೆ ಅದೇ ಮಂಚದಲ್ಲಿ ಮಲಗಿ. ಹುಳ ಔಷಧಿ ದಾಟಿಕೊಂಡೇ ಬರಬೇಕು.

ಎರಡು ಮೂರು ತಿಂಗಳು ಸುಮ್ಮನಿದ್ದು ಮತ್ತೆ ಶುರುವಾದರೆ, ಹೊರಗಿನಿಂದ ಬಂದಿದೆಯಾ ಅಂತ ನೋಡಿ. ಪಿಜಿಯಿಂದ ಬಂದ ಮಕ್ಕಳ ಬ್ಯಾಗು, ಊರಿಗೆ ಹೋಗಿಬಂದ ಸೂಟ್‌ಕೇಸ್, ಸೆಕೆಂಡ್ ಹ್ಯಾಂಡ್ ಸೋಫಾ. ವಠಾರದಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ವೈರ್ ಪೈಪು ಹಾದುಹೋಗುವ ತೂತಿನಿಂದಲೂ ಬರುತ್ತದೆ. ಆಗ ನಾಚಿಕೆ ಬಿಟ್ಟು ಓನರ್ ಹತ್ತಿರ, ಪಕ್ಕದ ಮನೆಯವರ ಹತ್ತಿರ ಮಾತಾಡಲೇಬೇಕು. ನಾನು ಪಕ್ಕದ ಮನೆ ಆಂಟಿಗೆ ಹೇಳಲು ಒಂದು ವಾರ ಹಿಂಜರಿದೆ. ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು, "ನಮ್ಮನೇಲೂ ಇದೆ ಕಣಮ್ಮ, ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ" ಅಂದರು. ಇಬ್ಬರೂ ಒಂದೇ ದಿನ ಔಷಧಿ ಹೊಡೆಸಿದೆವು.

ಬಿಸಿಯ ಕೆಲಸ

ನನಗೆ ಔಷಧಿಗಿಂತ ಜಾಸ್ತಿ ನಂಬಿಕೆ ಬಿಸಿಯ ಮೇಲೆ. ತಿಗಣೆ ಬಿಸಿಗೆ ಒಗ್ಗಿಕೊಳ್ಳುವುದು ಸುಲಭ ಅಲ್ಲ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಸಾಯುತ್ತದೆ. ಮೊಟ್ಟೆಯೂ ಸಾಯಬೇಕಾದರೆ 48 ಡಿಗ್ರಿಯಲ್ಲಿ ಒಂದೂವರೆ ಗಂಟೆ ಬೇಕು. ಬಟ್ಟೆ, ಹೊದಿಕೆ, ದಿಂಬಿನ ಕವರ್ 60 ಡಿಗ್ರಿ ಬಿಸಿ ನೀರಲ್ಲಿ ಅರ್ಧ ಗಂಟೆ ಒಗೆಯಿರಿ. ಡ್ರೈಯರ್ ಇದ್ದವರು ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ಹಾಕಿ. ಇಲ್ಲದವರಿಗೆ ಇಸ್ತ್ರಿ ಇದೆ: ಹೊಲಿಗೆ, ಮಡಿಕೆ, ಅಂಚಿನ ಮೇಲೆ ನಿಧಾನವಾಗಿ ಎಳೆಯಿರಿ. ತಿಗಣೆ ಇರುವ ಬಟ್ಟೆಯನ್ನು ರಸ್ತೆ ಬದಿಯ ಇಸ್ತ್ರಿ ಗಾಡಿಗೆ ಮಾತ್ರ ಕೊಡಬೇಡಿ. ಅವರ ಗಂಟಿನಲ್ಲಿ ಹತ್ತು ಮನೆಯ ಬಟ್ಟೆ ಇರುತ್ತದೆ.

ಹಿಂದೆ ಹಳ್ಳಿಯಲ್ಲಿ ಮಂಚವನ್ನು ಅಂಗಳಕ್ಕೆ ಎಳೆದು ಕೀಲಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಅದು ಒಳ್ಳೆಯ ಪದ್ಧತಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ತಿಗಣೆಗೆ ಅಷ್ಟು ಬೇಕಾದಷ್ಟಾಯಿತು. ಕಬ್ಬಿಣದ ಮಂಚಕ್ಕೆ, ಗಟ್ಟಿ ಮರಕ್ಕೆ ಮಾಡಬಹುದು. ಪ್ಲೈವುಡ್ ಆದರೆ ಉಬ್ಬಿ ಹಾಳಾಗುತ್ತದೆ. ಅದಕ್ಕೆ ಸ್ಟೀಮರ್ ಒಳ್ಳೆಯದು. ನಿಧಾನವಾಗಿ, ಒಂದೊಂದೇ ಅಂಗುಲ ಸರಿಸಬೇಕು. ಹಬೆ ಜೋರಾಗಿ ಬಿಟ್ಟರೆ ಹುಳ ಹಾರಿ ದೂರ ಬೀಳುತ್ತದೆ.

ಆದರೆ ಬಿಸಿಲು? ಮ್ಯಾಟ್ರೆಸ್ ಟೆರೇಸ್‌ಗೆ ಹಾಕಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೂ ಹೆಚ್ಚಿನ ದಿನ 34, 35 ಡಿಗ್ರಿ. ಮ್ಯಾಟ್ರೆಸ್‌ನ ಮೇಲ್ಭಾಗ ಕಾಯುತ್ತದೆ, ತಿಗಣೆ ಸುಮ್ಮನೆ ಕೆಳಭಾಗಕ್ಕೆ ನಡೆದು ಹೋಗುತ್ತದೆ. ಸಂಜೆ ನಾವು ಅದನ್ನು ಎತ್ತಿಕೊಂಡು ಒಳಗೆ ಬರುತ್ತೇವೆ. ಮ್ಯಾಟ್ರೆಸ್‌ಗೆ ಪೂರ್ತಿ ಮುಚ್ಚುವ ಜಿಪ್ ಕವರ್ ಹಾಕಿ, ಜಿಪ್ ತುದಿಗೆ ಟೇಪ್ ಅಂಟಿಸಿ ಒಂದು ವರ್ಷ ಬಿಡುವುದು ಮೇಲು. ಒಳಗಿನದು ಹಸಿದು ಸಾಯುತ್ತದೆ. ತೊಳೆಯಲಾಗದ ಸಣ್ಣ ಸಾಮಾನು, ಪುಸ್ತಕ, ಮೆತ್ತನೆ ಗೊಂಬೆ ಇದ್ದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗೆ ನಾಲ್ಕು ದಿನ ಇಡಿ. ಮಗಳ ಬಟ್ಟೆ ಆನೆ ಹೀಗೆ ಅವರೆಕಾಳಿನ ಪಕ್ಕ ನಾಲ್ಕು ದಿನ ಇತ್ತು.

ದಯವಿಟ್ಟು ಇವನ್ನು ಮಾಡಬೇಡಿ

ಧಾನ್ಯದ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯಲ್ಲಿ ಯಾವ ಕಾರಣಕ್ಕೂ ಇಡಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಬಾಗಿಲ ಸಂದು, ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ ಹೋಗುತ್ತದೆ, ಮಲಗಿದವರ ಜೀವ ತೆಗೆಯುತ್ತದೆ. ಅದಕ್ಕೆ ಪ್ರತಿಔಷಧಿ ಇಲ್ಲ. ಪಿಜಿಯಲ್ಲಿ ಇರುವ ಮಕ್ಕಳು, "ಇವತ್ತು ನಿಮ್ಮ ಮಹಡಿಗೆ ಔಷಧಿ ಇಟ್ಟಿದ್ದೇವೆ" ಅಂದರೆ ಏನು ಇಟ್ಟಿದ್ದೀರಿ ಅಂತ ಕೇಳಿ. ಉತ್ತರ ಸರಿ ಬರದಿದ್ದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ, ಬೆಂಕಿ ಹತ್ತುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ ಹಾಸಿಗೆಗೆ ಬೇಡ. ಹೊಗೆ ಬಿಡುವ ಡಬ್ಬಿಯಿಂದ ಹೊಗೆ ಸಂದಿಯೊಳಗೆ ಹೋಗುವುದಿಲ್ಲ, ಹುಳ ಚದುರುತ್ತದೆ ಅಷ್ಟೇ. ಬೇವಿನ ಸೊಪ್ಪು, ಕರ್ಪೂರ ಹಾಸಿಗೆ ಕೆಳಗೆ ಇಟ್ಟು ನಾನೂ ನೋಡಿದೆ, ವಾಸನೆ ಬಂತು, ತಿಗಣೆ ಹೋಗಲಿಲ್ಲ. ಇನ್ನು ಹಾಸಿಗೆಯನ್ನೇ ಬಿಸಾಡುವುದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಎಳೆದುಕೊಂಡು ಹೋಗುವಾಗ ಮೆಟ್ಟಿಲ ತುಂಬಾ ತಿಗಣೆ ಉದುರುತ್ತದೆ. ಬಿಸಾಡಲೇಬೇಕಾದರೆ ಪ್ಲಾಸ್ಟಿಕ್ ಸುತ್ತಿ, ಬಟ್ಟೆ ಹರಿದು, "ತಿಗಣೆ ಇದೆ" ಅಂತ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಯಾರೋ ಬಡವರು ಒಳ್ಳೇದು ಸಿಕ್ಕಿತು ಅಂತ ಮನೆಗೆ ಒಯ್ಯುತ್ತಾರೆ.

ತಿಗಣೆಯಿಂದ ಮನುಷ್ಯರಿಗೆ ರೋಗ ಹರಡುತ್ತದೆ ಅಂತ ಸಾಬೀತಾಗಿಲ್ಲ. ಕೆರೆದು ಗಾಯ ಮಾಡಿಕೊಂಡರೆ ಕೀವು ಆಗಬಹುದು. ಮಗಳಿಗೆ ತಣ್ಣೀರು ಬಟ್ಟೆ, ಕ್ಯಾಲಮೈನ್ ಸಾಕಾಯಿತು. ಊತ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಹೋಯಿತು ಅಂತ ಯಾವಾಗ ಹೇಳಬಹುದು?

ಒಂದು ವಾರ ಕಚ್ಚಲಿಲ್ಲ ಅಂದರೆ ಏನೂ ಅರ್ಥ ಇಲ್ಲ. ಹೊಟ್ಟೆ ತುಂಬಿದ ತಿಗಣೆ ಹಲವು ದಿನ ಹೊರಗೇ ಬರುವುದಿಲ್ಲ. ಬಟ್ಟಲು ತೆಗೆಯಬೇಡಿ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಅದೇ ಜಾಗಗಳನ್ನು ನೋಡಿ, ತಾರೀಕು ಹಾಕಿ ಬರೆಯಿರಿ. ಸಿಕ್ಕ ಹಳೇ ಚುಕ್ಕಿಗಳನ್ನು ಒರೆಸಿಬಿಡಿ, ಆಗ ಹೊಸದು ಬಂದರೆ ಗೊತ್ತಾಗುತ್ತದೆ. ಜೀವಂತ ಹುಳ, ಹೊಸ ಚುಕ್ಕಿ, ಹೊಸ ಗಂಟು ಇವು ಮೂರೂ ಇಲ್ಲದೆ ಎಂಟು ವಾರ ಕಳೆದರೆ ಹೋಯಿತು ಅನ್ನಬಹುದು.

ನಮ್ಮ ನೋಟ್‌ಬುಕ್‌ನಲ್ಲಿ ಕೊನೆಯ ಹುಳ ಬರೆದದ್ದು ಎರಡನೇ ವಾರದಲ್ಲಿ, ದಿವಾನ್‌ನ ಹಿಂದಿನ ಬಲಗಾಲಿನ ಬಟ್ಟಲು, ಒಂದು ಮರಿ. ಆಮೇಲೆ ಒಂಬತ್ತು ಭಾನುವಾರ "ಇಲ್ಲ" ಅಂತಲೇ ಇದೆ. ಅಕ್ಷರ ಅಪ್ಪನದು. ಮಂಡಿ ಬಗ್ಗುವುದಿಲ್ಲವಾದ್ದರಿಂದ ಅವರು ಕುರ್ಚಿಯಲ್ಲಿ ಕೂತು ಬರೆಯುತ್ತಾರೆ, ಮಗಳು ಟಾರ್ಚ್ ಹಿಡಿದು ದಿವಾನ್ ಕೆಳಗೆ ತೂರಿ ಒಂದೊಂದೇ ಕಾಲಿನ ಲೆಕ್ಕ ಕೂಗಿ ಹೇಳುತ್ತಾಳೆ.